ಡ್ರಾಯರಿನಲ್ಲಿದ್ದ ಆದೇಶ

ಆ ಆದೇಶ ಇತ್ತು, ಕುಶಾಲಪ್ಪನವರೇ. "ಇಲ್ಲ" ಎಂದು ನಿಮ್ಮ ಮುಖಕ್ಕೆ ಹೊಡೆದ ಹಾಗೆ ಹೇಳಿದೆನಲ್ಲ — ಆಗ ಅದು ನನ್ನ ಮೇಜಿನ ಡ್ರಾಯರಿನಲ್ಲೇ ಇತ್ತು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಕಾಲೇಜಿನಲ್ಲಿ ಯಾರ ಕೆಲಸ ಏನು, ಸಂಬಳ ಎಷ್ಟು, ಮೈಸೂರಿನ ಯಾವ ಹುದ್ದೆಗೆ ಯಾರು ಸಮ ಎಂದು ಇಲಾಖೆಯವರು ಪಟ್ಟಿ ಕೇಳಿದ್ದರು — ಪಾಠ ಮಾಡುವವರದ್ದೂ, ಆಫೀಸಿನವರದ್ದೂ. ಬರೆಯಬೇಕಾದವನು ಹೆಡ್ ಕ್ಲಾರ್ಕ್ ಆಗಿದ್ದ ನಾನು. ನಿಮ್ಮ ಹುದ್ದೆಯ ಹೆಸರು ಲ್ಯಾಬ್ ಸಹಾಯಕ. ಆದರೆ ತೀರಿಹೋದ ಹಳೆಯ ಪ್ರಿನ್ಸಿಪಾಲರ ಆದೇಶದಂತೆ ನಾಲ್ಕು ವರ್ಷ ರಸಾಯನಶಾಸ್ತ್ರದ ಪಾಠ ಮಾಡಿದ್ದಿರಿ. ಆ ಹಾಳೆಯೊಂದನ್ನು ಲಗತ್ತಿಸಿದ್ದರೆ ನೀವು ಉಪನ್ಯಾಸಕರು. ಸಂಬಳ ನನಗಿಂತ ಹೆಚ್ಚು.

ಹೊಟ್ಟೆ ಉರಿಯಿತು, ಸ್ವಾಮಿ. ಹತ್ತೊಂಬತ್ತು ವರ್ಷ ಲೇಖನಿ ಸವೆಸಿದವನು ನಾನು. ಮೊನ್ನೆ ಮೊನ್ನೆ ಬಂದ ಈ ಹುಡುಗ — ಮನಸ್ಸಿನಲ್ಲಿ ನಿಮ್ಮನ್ನು ಹಾಗೇ ಕರೆಯುತ್ತಿದ್ದೆ — ಸಂಬಳದ ದಿನ ರಿಜಿಸ್ಟರಿನಲ್ಲಿ ನನ್ನ ಹೆಸರಿಗಿಂತ ಮೇಲಿನ ಸಾಲಿನಲ್ಲಿ ರುಜು ಹಾಕುವುದೇ? ಹಾಳೆಯನ್ನು ಫೈಲಿನಿಂದ ಕಿತ್ತೆ. ಪಟ್ಟಿ ಹೋಯಿತು. ಕೆಲವು ತಿಂಗಳ ಮೇಲೆ ನೀವು ಸಹಾಯಕರೇ ಎಂದು ಉತ್ತರ ಬಂತು.

ನೀವು ನೇರ ನನ್ನ ಮೇಜಿಗೆ ಬಂದಿರಿ.

"ಎಂಥ ರಾಯರೇ ಇದು? ನನ್ನ ಆರ್ಡರ್ ಎಲ್ಲಿ? ನಾಲ್ಕು ವರ್ಷ ಪಾಠ ಮಾಡಿದ್ದು ಸುಳ್ಳಾ ಹಾಗಾದ್ರೆ?"

"ಅಂಥ ಆರ್ಡರೇ ಇಲ್ಲ ಕಣ್ರೀ. ಬಾಟ್ಲಿ ತೊಳೆಯೋರಿಗೆ ಬಾಟ್ಲಿ ತೊಳೆಯೋ ಸಂಬಳ."

ನೀವು ಡ್ರಾಯರಿಗೆ ಕೈ ಹಾಕಿದಿರಿ. ನಾನು ರೂಲುದೊಣ್ಣೆ ಎತ್ತಿ ನಿಮ್ಮ ಎಡಗಿವಿಗೆ ಬಾರಿಸಿದೆ. ಕುಸಿದಿರಿ — ಆಗಲೂ ಬಿಡಲಿಲ್ಲ. ಹೆಗಲಿಗೆ, ಬೆನ್ನಿಗೆ, ತಡೆಯಲು ಬಂದ ಬೆರಳುಗಳಿಗೆ... ಎಷ್ಟು ಏಟು ಹಾಕಿದೆನೋ! ಕಿವಿಯಿಂದ ರಕ್ತ ಇಳಿದು ಅಂಗಿಯ ಕಾಲರು ತೊಯ್ದಿತ್ತು. ಜವಾನ ಓಡಿ ಬರುವ ಸದ್ದು ಕೇಳಿದ್ದೇ ತಡ, ನನ್ನ ಅಂಗಿಯನ್ನು ನಾನೇ ಹರಿದುಕೊಂಡೆ. "ಅಯ್ಯೋ, ಕೊಲ್ತಾನೆ ಕಣ್ರೋ! ಹಿಡ್ಕೊಳ್ರೋ ಇವನ್ನ!" ಎಂದು ಕಿರುಚಿದೆ. ಥೂ, ನನ್ನ ಜನ್ಮಕ್ಕಿಷ್ಟು.

ಆ ಸಂಜೆ ಆದೇಶವನ್ನು ಬಚ್ಚಲ ಒಲೆಗೆ ಹಾಕಿದೆ.

ಇದರಲ್ಲಿ ಅರ್ಧ ನಿಮಗೆ ಗೊತ್ತು. ಗೊತ್ತಿಲ್ಲದ್ದನ್ನು ಹೇಳಬೇಕು — ನನ್ನ ದೂರಿನ ಮೇಲೆ ನಡೆದ ವಿಚಾರಣೆಯ ದಿನದ್ದು. ಬಂದಿದ್ದ ಅಧಿಕಾರಿ ನಿಮ್ಮ ಎಡಕ್ಕೆ ಕೂತಿದ್ದರು. ತಲೆ ಎತ್ತದೆ ಬರೆದುಕೊಳ್ಳುತ್ತಲೇ ಮೆಲುದನಿಯಲ್ಲಿ ಕೇಳಿದರು: "ಮೊದಲು ಹೊಡೆದವರು ನೀವೇ ತಾನೇ? ಅಲ್ಲವಾದರೆ ಹೇಳಿ." ನೀವು ಕಿಟಕಿಯತ್ತ ನೋಡುತ್ತಾ ಸುಮ್ಮನಿದ್ದಿರಿ. ಎರಡನೇ ಸಲ ಕೇಳಿದರು. ಆಗಲೂ ಸುಮ್ಮನಿದ್ದಿರಿ. "ಆಪಾದಿತರು ಅಲ್ಲಗಳೆಯಲಿಲ್ಲ" ಎಂದು ಬರೆದುಕೊಂಡರು. ನಿಮ್ಮ ನೌಕರಿ ಹೋದದ್ದು ಆ ಒಂದು ಸಾಲಿನಿಂದ.

ನಿಮಗೆ ಆ ಪ್ರಶ್ನೆ ಕೇಳಿಸಲೇ ಇಲ್ಲ. ನಾನು ಹೊಡೆದ ಎಡಗಿವಿ ಸತ್ತಿತ್ತು. ನಿಮ್ಮನ್ನು ಬಿಟ್ಟರೆ ಕೋಣೆಯಲ್ಲಿ ಅದು ಗೊತ್ತಿದ್ದವನು ನಾನೊಬ್ಬನೇ — ಎದುರು ಕುರ್ಚಿಯಲ್ಲಿ ಕೂತಿದ್ದೆ, "ಸ್ವಾಮಿ, ಬಲಗಡೆಯಿಂದ ಕೇಳಿ" ಎನ್ನಲು ಎಷ್ಟು ಹೊತ್ತು ಬೇಕಿತ್ತು? ಬಾಯಿ ಬಿಡಲಿಲ್ಲ.

ನನಗೀಗ ಪಿಂಚಣಿ ಬರುತ್ತಿದೆ. ಬಿಟ್ಟಂಗಾಲದ ತೋಟವೊಂದರಲ್ಲಿ ನೀವು ರೈಟರಾಗಿ ಆಳುಗಳ ಹಾಜರಿ ಬರೆಯುತ್ತಿದ್ದೀರೆಂದು ಕೇಳಿದೆ. ಇಲಾಖೆಗೆ ಎಲ್ಲವನ್ನೂ ಬರೆದು ರುಜು ಹಾಕಿ ಇವತ್ತು ಅಂಚೆಗೆ ಕೊಟ್ಟಿದ್ದೇನೆ. ಅದರ ನಕಲು ಈ ಕಾಗದದ ಜೊತೆಗಿದೆ. ಪಿಂಚಣಿ ನಿಲ್ಲಿಸಲಿ, ಜೈಲಿಗೆ ಹಾಕಲಿ. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ನೀವು ಮೇಷ್ಟ್ರಾಗಿದ್ದಿರಿ, ಕುಶಾಲಪ್ಪನವರೇ. ಮೊದಲು ಹೊಡೆದವನು ನಾನು.