ಎರಡು ಬಟ್ಟಲಿನ ಇಂದ್ರಾಬಾಯಿ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ. ಮಸೂತಿ ಎಂಬ ಊರಿನ ಒಂದು ಅಂಗಳದಲ್ಲಿ ಸಿದ್ದವ್ವ ರೊಟ್ಟಿ ಗಂಟು ಕಟ್ಟುತ್ತಿದ್ದಾಳೆ. ಕೂಲಿಗೆ ಒಯ್ಯುವ ಟಂಟಂ ಗಾಡಿ ಇನ್ನೇನು ಬಂದೀತು. ಅವಳೆದುರು ಕುಕ್ಕರಗಾಲಲ್ಲಿ ಕೂತ ಇಂದ್ರಾಬಾಯಿ ಎರಡು ಸ್ಟೀಲ್ ಬಟ್ಟಲು ಇಟ್ಟು, ಅವಳ ಅಂಗೈಗೆ ಹತ್ತು ಜೋಳದ ಕಾಳು ಹಾಕುತ್ತಾಳೆ.

"ಇದು ನಡತಿ, ಇದು ಕೆಲಸ. ಒಂದೊಂದಕ್ಕ ಐದರ ಮ್ಯಾಲ ಬ್ಯಾಡ. ನಿನ್ನ ಮನಸಿಗೆ ಬಂದಷ್ಟು ಹಾಕವಾ."

ಬಸವನಬಾಗೇವಾಡಿಯ ಇಂದ್ರಾಬಾಯಿಗೆ ನಲವತ್ತೇಳು ವರ್ಷ, ಓದಿದ್ದು ಏಳನೇ ತರಗತಿ. ಒಂಬತ್ತು ವರ್ಷದಿಂದ ಸಮೀಕ್ಷೆಯ ಕಂಪನಿಯೊಂದಕ್ಕೆ ಇಂಡಿ, ಸಿಂದಗಿ, ಮುದ್ದೇಬಿಹಾಳ ಎಂದು ಊರೂರು ಸುತ್ತುತ್ತಾಳೆ. ದಿನಕ್ಕೆ ಮೂವತ್ತು ಮನೆ. ನಿಮ್ಮ ಭಾಗದ ರಾಜಕೀಯ ನಾಯಕ ಮನುಷ್ಯನಾಗಿ ಹೇಗೆ, ಕೆಲಸದಲ್ಲಿ ಹೇಗೆ ಎಂದು ಕೇಳಿ ಫಾರ್ಮಿನಲ್ಲಿ ಅಂಕ ಬರೆಯಬೇಕು.

"ಮಾರ್ಕ್ಸ್ ಅಂದ್ರ ಮಂದಿಗೆ ಸಾಲಿ ಮಾಸ್ತರ ನೆನಪಾಗಿ ಗಾಬರಿ ಆಗ್ತಾರ್ರಿ. ಜೋಳ ಅಂದ್ರ ಮನಿ ಮಾತು."

ಟೀವಿಯಲ್ಲಿ ಟೈ ಕಟ್ಟಿಕೊಂಡು 'ಜನರ ನಾಡಿಮಿಡಿತ' ಎಂದು ಕಿರುಚುವವರಲ್ಲಿ ಒಬ್ಬನಾದರೂ ಇಂಥ ಅಂಗಳದಲ್ಲಿ ಕೂತಿದ್ದಾನೆಯೇ? ಹೋದ ವರ್ಷ ಸಾಲೋಟಗಿಯಲ್ಲಿ ಕೋಳಿಯೊಂದು ಬಂದು ಬಟ್ಟಲು ಖಾಲಿ ಮಾಡಿತು. ನಾಲ್ಕು ಕಾಳಿದ್ದದ್ದನ್ನು ಇಂದ್ರಾಬಾಯಿ ಕಣ್ಣಾರೆ ಕಂಡಿದ್ದಳು. ಆದರೂ ಬರೆಯಲಿಲ್ಲ, ಮತ್ತೆ ಕೇಳಿದಳು. ಮನೆಯಾಕೆ ಈ ಸಲ ಎರಡೇ ಹಾಕಿದಳು.

"ಯಾಕವಾ?"

"ಆವಾಗ ಅತ್ತಿ ಬಾಗಲಾಗ ನಿಂತಿದ್ರು!"

ಇಂಥವಳ ಮೇಲೆ ಈಗ ಅಪವಾದ ಬಂದಿದೆ. ಮಸೂತಿಯ ಅರವತ್ತು ಫಾರ್ಮಿನಲ್ಲಿ ಹೆಚ್ಚಿನವು ನಾಯಕನ ಕೆಲಸಕ್ಕೆ ಐದು, ನಡತೆಗೆ ಸೊನ್ನೆ. ಒಬ್ಬನೇ ಮನುಷ್ಯನಿಗೆ ಎರಡು ಥರ ಹೇಗೆ, ಮನೆಯಲ್ಲೇ ಕೂತು ತುಂಬಿದ್ದಾಳೆ ಎಂದು ಆಫೀಸಿನವರು ಷರಾ ಬರೆದಿದ್ದಾರೆ. ಮರುತಪಾಸಣೆಗೆ ಇವತ್ತು ಅವಳ ಜೊತೆ ಸೂಪರ್‌ವೈಸರ್ ಗುರುನಾಥನೂ ಈ ಅಂಗಳಕ್ಕೆ ಬಂದಿದ್ದಾನೆ. ಅವೇ ಮನೆಗಳ ಉತ್ತರ ಹಳೇ ಫಾರ್ಮಿಗೆ ತಾಳೆಯಾಗದಿದ್ದರೆ ಕೆಲಸ ಹೋಗುತ್ತದೆ. "ಕೆಲಸ ಹೋದ್ರ ಹೋಗ್ಲಿರಿ, ಸುಳ್ಳಿ ಅನಿಸಿಕೊಂಡು ಹೆಂಗ ಹೋಗ್ಲಿ?"

ಸಿದ್ದವ್ವ ಐದು ಕಾಳನ್ನು ಕೆಲಸದ ಬಟ್ಟಲಿಗೆ ಸುರಿದು, ಉಳಿದ ಐದನ್ನು ವಾಪಸು ಕೊಡುತ್ತಾಳೆ. ಗುರುನಾಥನಿಗೆ ತಡೆಯಲಾಗುವುದಿಲ್ಲ.

"ಅಲ್ಲಬೇ, ಮನಷ್ಯಾ ಕೆಟ್ಟವ ಅಂದ್ರ ಕೆಲಸ ಹೆಂಗ ಚಲೋ ಆಗತೈತಿ?"

"ತಮ್ಮಾ, ಕಾಲುವಿಗೆ ನೀರು ತಂದಾನ. ಇಲ್ಲ ಅಂದ್ರ ನನ್ನ ನಾಲಿಗಿ ಬೀಳತೈತಿ. ಆದ್ರ ಬಾಯಿ ತೆಗದ್ರ ಹೆಣ್ಣಮಕ್ಕಳಿಗೆ ಹೊಲಸ ಬೈತಾನ. ನನ್ನ ಮನಿ ಮದವಿಗೆ ಕರಿಯಂಗಿಲ್ಲ ಅವನ್ನ. ನೀ ಏನು, ಸಾರು ಮಜ್ಜಿಗಿ ಒಂದರಾಗ ಕಲಸಿ ಉಣ್ಣವನೇನು?"

ಟಂಟಂ ಬರುತ್ತದೆ. ಸಿದ್ದವ್ವ ಹತ್ತಿ ಹೋಗುತ್ತಾಳೆ.

ಹತ್ತು ಮನೆ ಮುಗಿಯುತ್ತವೆ. ಒಂಬತ್ತು ಹಳೇ ಫಾರ್ಮಿನಂತೆಯೇ. ಹತ್ತನೆಯ ಗುರುಲಿಂಗಪ್ಪ ಮಾತ್ರ ನಡತೆಗೆ ಒಂದು ಕಾಳು ಹೆಚ್ಚಿಗೆ ಹಾಕುತ್ತಾನೆ. "ಮೊನ್ನೆ ಮೊಮ್ಮಗನ ಜವಳಕ್ಕ ಅವ ಬಂದಿದ್ದರಿ. ಯಾರಿಗೂ ಬೈಲಾರದ ಉಂಡು ಹೋದ!"

ಓದು ಬರಹ ಬಾರದ ಮಂದಿ ಒಬ್ಬ ಮನುಷ್ಯನನ್ನು ಇಷ್ಟು ಸೂಕ್ಷ್ಮವಾಗಿ ತೂಗುತ್ತಾರಲ್ಲ, ಆ ತೂಕವನ್ನು ಒಂದು ಕಾಳೂ ಹೆಚ್ಚು ಕಡಿಮೆ ಮಾಡದೆ ಈಕೆ ಹೊತ್ತು ತರುತ್ತಾಳಲ್ಲ! ಕೈ ಮುಗಿಯಬೇಕು.

ಗುರುನಾಥ ಷರಾ ಹೊಡೆದುಹಾಕಿ ಅರವತ್ತೂ ಫಾರ್ಮಿಗೆ ಸಹಿ ಮಾಡುತ್ತಾನೆ. ಬಸ್ಸಿಗೆ ನಡೆಯುವಾಗ ದನಿ ತಗ್ಗಿಸಿ ಕೇಳುತ್ತಾನೆ: "ಇಂದ್ರಕ್ಕಾ, ಖರೇ ಹೇಳ್ರಿ. ನಿಮಗ ಅವ ಹೆಂಗ ಅನಸ್ತಾನ?"

ಇಂದ್ರಾಬಾಯಿ ನಗುತ್ತಾಳೆ.

"ಅದನ್ನ ನಾ ಹೇಳಿದ ದಿನಾ, ಈ ಊರಾಗ ನನ್ನ ಮುಂದ ಯಾರೂ ಬಾಯಿ ಬಿಡೂದಿಲ್ರಿ ಸಾಹೇಬ್ರ."