ಟ್ರೈ ಮಾಡ್ತೇನ್ರಿ

ತಂಗಿಯ ಸೀಮಂತಕ್ಕೆ ಹಸಿರು ಇಳಕಲ್ ಸೀರೆ ಬೇಕಿತ್ತು. ಮೈಸೂರಿನಿಂದ ಬಾಗಲಕೋಟೆಗೆ ವರ್ಗವಾಗಿ ಬಂದಿದ್ದ ನಾನು ಅಂಗಡಿ ಬಿಟ್ಟು, ಜಂಬದಿಂದ ಇಳಕಲ್ಲಿನ ಹಿರಿಯ ನೇಕಾರರೊಬ್ಬರ ಮನೆಗೇ ಹೋದೆ.

"ಶುಕ್ರವಾರದೊಳಗೆ ನೇಯ್ದು ಕೊಡ್ತೀರಾ?"

ಹಿರಿಯರು ಮಗ್ಗ ನೋಡಿದರು, ಆಮೇಲೆ ಸೂರು ನೋಡಿದರು. "ಟ್ರೈ ಮಾಡ್ತೇನ್ರಿ ಅಕ್ಕಾರ."

ಶುಕ್ರವಾರ ಹೋದರೆ ಮಗ್ಗದ ಮೇಲೆ ಯಾರದೋ ಕೆಂಪು ಸೀರೆ. ನನ್ನನ್ನು ಕಂಡು ಅವರ ಹೆಂಡತಿಗೆ ನನಗಿಂತ ಆಶ್ಚರ್ಯ.

"ಆಗೂದಿಲ್ಲಂತ ನಮ್ಮವ್ರು ಅವತ್ತೇ ಹೇಳಿದ್ರಲ್ರೀ! ಆಗೂದಿದ್ರ 'ಆತು ತಗೋರಿ' ಅಂತಿದ್ರು."

"ಟ್ರೈ ಮಾಡ್ತೀನಿ ಅಂದ್ರಲ್ಲಮ್ಮಾ?"

"ಹೌದು, ಮತ್ತ? ಮನಿತನಕ ಬಂದವ್ರಿಗೆ ಇಲ್ಲ ಅನ್ನಾಕ ಬಾಯಿ ಬರತೈತೇನ್ರಿ?"

ನಮ್ಮ ಕಡೆಯೂ ಈ ಮಾತು ಆಡುತ್ತೇವೆ, ಆದರೆ ಅದರಲ್ಲಿ ಅರ್ಧ ಆಸೆಯಾದರೂ ಇರುತ್ತದೆ. ಇದನ್ನು ಹೇಳಿ ಜಗಳ ತೆಗೆಯೋಣವೆಂದರೆ ಆಕೆ ಆಗಲೇ ರೊಟ್ಟಿ, ಶೇಂಗಾ ಚಟ್ನಿಪುಡಿ ಬಡಿಸಿದ್ದರು. ಊಟ ಮುಗಿಯುವಷ್ಟರಲ್ಲಿ ಹಿರಿಯರು ಪೆಟ್ಟಿಗೆಯಿಂದ ಒಂದು ಹಸಿರು ಸೀರೆ ತಂದು ಕೈಗಿಟ್ಟರು.

"ಮಗಳ ಲಗ್ನಕ್ಕಂತ ನೇಯ್ದಿದ್ದೆ. ಅಕಿಗೆ ಇನ್ನೊಂದು ನೇಯ್ತೇನಿ, ಇನ್ನೂ ಒಂದು ತಿಂಗಳೈತಿ. ನೀವು ಲಗ್ನಕ್ಕ ಬರಬೇಕ್ರಿ."

ಆಫೀಸಿನಲ್ಲಿ ರಜೆ ಸಿಗುತ್ತದೋ ಇಲ್ಲವೋ ಎಂಬುದು ನೆನಪಾಗಿ, ಹಳೆಯ ಅಭ್ಯಾಸದಂತೆ ಬಾಯಿಂದ ಬಂದೇಬಿಟ್ಟಿತು: "ಟ್ರೈ ಮಾಡ್ತೀನಿ."

ಗಂಡ ಹೆಂಡತಿ ಇಬ್ಬರ ಮುಖವೂ ಬಾಡಿತು.

ಲಗ್ನದ ದಿನ ಚಪ್ಪರದ ಬಾಗಿಲಲ್ಲಿ ನನ್ನನ್ನು ಕಂಡ ಹಿರಿಯರು ಗಾಬರಿಯಾದರು. "ಅಯ್ಯ, ಬರೂದಿಲ್ಲ ಅಂದಿದ್ರಲ್ರೀ!"

ಇಳಕಲ್ಲಿನಲ್ಲಿ ಟ್ರೈ ಮಾಡ್ತೀನಿ ಅಂದು, ನಿಜವಾಗಿ ಟ್ರೈ ಮಾಡಿದವಳು ನಾನೊಬ್ಬಳೇ ಇರಬೇಕು.