ಗುಡುಗಿಗೆ ಮೇನ್ ಸ್ವಿಚ್ ತೆಗೆದವಳು ನಾನು

ನನಗೆ ಆಗ ಅರವತ್ತೇಳು. ಐದು ವರ್ಷ ಆಯಿತು. ಸುಮತಿ, ಅವತ್ತು ನಿನ್ನ ಕಂಪ್ಯೂಟರಿನ ಕೆಲಸ ಕೆಡಿಸಿದ್ದು ನಾನು. ನಿನ್ನ ತಪ್ಪು ಎಂತದೂ ಇರಲಿಲ್ಲ.

ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಅಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದು. ಬಾಯಲ್ಲಿ ಹೇಳಲು ಹೆದರಿಕೆ — ಅದಕ್ಕೇ ಬರೆಯುವುದು.

ನೀನು ಮರವಂತೆಗೆ ನನ್ನ ಸೊಸೆಯಾಗಿ ಬಂದ ಮೇಲೆ ವೆಬ್‌ಸೈಟ್ ಮಾಡಲು ಕಲಿತೆ. ಒಂದು ಪುಟ ಮಾಡಿ ತೋರಿಸು, ಸರಿಯಿದ್ದರೆ ಕೆಲಸ ಅಂತ ಕುಂದಾಪುರದ ಆಫೀಸಿನವರು ಹೇಳಿದ್ದರು. ಅವತ್ತು ಮಧ್ಯಾಹ್ನ ಮೂರಕ್ಕೆ ವಿಡಿಯೋದಲ್ಲಿ ತೋರಿಸಬೇಕು. ಕೆಲಸ ಸಿಕ್ಕಿದರೆ ನನ್ನ ಹಾಗೆ ಮೀನು ಹೊರುವುದು ತಪ್ಪುತ್ತದೆ — ನೀನು ಬಾಯಿಬಿಟ್ಟು ಹೇಳಲಿಲ್ಲ, ನನಗೆ ಗೊತ್ತಿತ್ತು.

ಬೆಳಿಗ್ಗೆ ಪರದೆಯ ಮೇಲೊಂದು ಕಪ್ಪು ಕಿಟಕಿ, ಅದರೊಳಗೆ ಬಿಳಿ ಅಕ್ಷರ ಓಡುತ್ತಿತ್ತು. ಇದೆಂತದ್ದು ಅಂದೆ.

“ಸಾಸ್ ಅಂತ, ಅತ್ತೆ. ಮಸಾಲಿ ಕಡ್ದಂಗೆ. ನಾ ಬರ್ದದ್ದನ್ನ ಅದ್ ಕಡ್ದ್ ಕೊಟ್ರೆ ಮಾತ್ರ ಪುಟಕ್ಕ್ ಬಣ್ಣ ಬಪ್ಪುದ್.”

“ಮೀನಿಗ್ ಹಾಕುಕಾತ್ತಾ ನಿನ್ ಮಸಾಲಿ?”

“ನಿಮ್ ಬಾಯಿಗ್ ಹಾಕ್ತೆ! ಕಾಣಿ, ಅದಿನ್ನೂ ನೆಟ್ಟಿಂದ ಇಳೀತಾ ಇತ್ತ್. ಗುಡುಗಿದ್ರೂ ಮೇನ್ ಸ್ವಿಚ್ ತೆಗುಕಾಗ, ಹಾಂ.”

“ಹೋಗೆ, ನಂಗೆಂತ ಮರ್ಲಾ?”

ನೀನು ಮಗುವನ್ನು ಕರೆತರಲು ಅಂಗನವಾಡಿಗೆ ಹೋದೆ. ಕಡಲ ಕಡೆ ಗುಡುಗಿತು. ದೂರದ ಗುಡುಗು — ಆದರೂ ಎದ್ದು ಸ್ವಿಚ್ಚಿನ ಹತ್ತಿರ ಹೋದೆ. ಹಿಂದಿನ ವರ್ಷ ಪಕ್ಕದ ಮನೆಯ ಸ್ವಿಚ್ ಬೋರ್ಡು ಸಿಡಿಲಿಗೆ ಒಡೆದು ಗೋಡೆಯೇ ಕಪ್ಪಾಗಿತ್ತು. ಇಲ್ಲಿ ಗುಡುಗು ಕೇಳಿದರೆ ಯಾರ ಕೈಯಾದರೂ ಮೊದಲು ಹೋಗುವುದು ಮೇನ್ ಸ್ವಿಚ್ಚಿಗೆ. ನಿನ್ನ ಮಾತು ಮರೆತೆ ಅಂತ ಹೇಳಲಾರೆ. ನೆನಪಿದ್ದೇ ತೆಗೆದೆ.

ನಿನ್ನ ಆ ಹಳೇ ಕಂಪ್ಯೂಟರಿಗೆ ಬ್ಯಾಟರಿ ಇಲ್ಲ. ಟಕ್ಕನೆ ಸತ್ತಿತು. ಗುಡುಗು ನಿಂತ ಮೇಲೆ ಸ್ವಿಚ್ ಹಾಕಿ, ನೀನು ಒತ್ತುವ ಗುಂಡಿ ಒತ್ತಿದೆ. ಬೆಳಕು ಬಂತು. ಕಪ್ಪು ಕಿಟಕಿ ಬರಲಿಲ್ಲ.

ನೀನು ಬಂದು ಕೂತೆ. ಪುಟಕ್ಕೆ ಬಣ್ಣವಿಲ್ಲ. ಆ ಸಾಸ್ ಅರ್ಧ ಇಳಿದು ಅರ್ಧ ಉಳಿದಿತ್ತಂತೆ. ಮತ್ತೆ ಇಳಿಸಲು ಹೋದರೆ ಮಳೆ ಹಿಡಿದು ನೆಟ್ ಹೋಗಿತ್ತು. ಏನು ಒತ್ತಿದರೂ ಕೆಂಪಕ್ಷರ.

“ಅತ್ತೆ, ಕರೆಂಟ್ ಹೋಯ್ತಾ?”

“ಇಲ್ಲ ಮಾರಾಯ್ತಿ.”

“ನೀವ್ ಮುಟ್ಟಿದ್ರ್ಯಾ?”

“ನಾ ಎಂತಕ್ ಮುಟ್ಲಿ!”

ನೆಟ್ ಬಂದದ್ದು ಸರಿಯಾಗಿ ಮೂರಕ್ಕೆ; ವಿಡಿಯೋದಲ್ಲಿ ಆಫೀಸಿನವನು ಬೋಳು ಪುಟ ನೋಡಿದ. “ನಾನೇ ಎಲ್ಲೋ ತಪ್ಪು ಮಾಡಿದೆ ಸರ್, ಒಂದು ದಿನ ಕೊಡಿ” ಅಂದೆ ನೀನು. ನಾನು ಬಾಗಿಲ ಹಿಂದಿದ್ದೆ. ಒಂದು ಹೆಜ್ಜೆ ಮುಂದೆ ಬಂದು ಹೇಳಿದ್ದರೆ — ಬರಲಿಲ್ಲ. ಸಿಡಿಲಿಗೆ ಹೆದರಿದ್ದಕ್ಕಿಂತ ಹೆಚ್ಚು ನಿನ್ನ ಮುಖಕ್ಕೆ ಹೆದರಿದೆ. ಅವನು ದಿನ ಕೊಡಲಿಲ್ಲ.

“ನನ್ ತಲಿಗ್ ಹತ್ತುದಲ್ಲ ಅದ್” ಅಂತ ನೀನು ಕಂಪ್ಯೂಟರಿಗೆ ಹಳೇ ಸೀರೆ ಮುಚ್ಚಿದೆ. ಹತ್ತಿತ್ತು ಸುಮತಿ. ಈಗಲೂ ನೀನು ಏನಾದರೂ ಕೇಳಲು ಬಾಯಿ ತೆರೆದರೆ, ಅದೇ ಇರಬೇಕು ಅಂತ ಎದ್ದು ಒಳಗೆ ಹೋಗುತ್ತೇನೆ.

ಮರುದಿನ ಬೆಳಕು ಹರಿಯುವ ಮೊದಲೇ ನಾನು ಅಟ್ಟದಿಂದ ಇನ್ನೊಂದು ಬುಟ್ಟಿ ಇಳಿಸಿ ತೊಳೆದೆ. “ಬಾ ಮಾರಾಯ್ತಿ, ಮೀನಿಗ್ ಹೋಪ” ಅಂತ ನಿನ್ನನ್ನು ಎಬ್ಬಿಸಿ, ಅದನ್ನು ನಿನ್ನ ತಲೆಯ ಮೇಲೆ ನಾನೇ ಇಟ್ಟೆ.